ಮುರುಗಲು ಡ್ರೈಯರ್ ಮತ್ತು 200 ಪರ್ಸೆಂಟಿನ ಆಸೆ: ಶಿರಸಿಯ ಒಂದು ಸಂಶೋಧನಾ ತೆರಿಗೆ ಪ್ರಕರಣ

ಶಿರಸಿ ಹತ್ತಿರ ಡ್ರೈಯರ್ ತಯಾರಿಸುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯ ವಿಷಯ ಇದು. ನಾನು ಇಲ್ಲಿ ಅವರ ತೆರಿಗೆ ಕೆಲಸ ನೋಡುವವನು. ಕಂಪನಿಯ ಹೆಸರು, ಗುರುತು ಬಿಟ್ಟಿದ್ದೇನೆ. ಲೆಕ್ಕ ಹಿಡಿಯಲು ಸುಲಭ ಆಗಲಿ ಅಂತ ಅವರ ಮೊತ್ತಗಳನ್ನು ದುಂಡು ಮಾಡಿದ್ದೇನೆ. ತೆರಿಗೆ ದರ, ಸೆಕ್ಷನ್, ಫಾರ್ಮ್ ಮಾತ್ರ ಇದ್ದದ್ದು ಇದ್ದ ಹಾಗೆ. ವರ್ಷ 2023-24. ಆದ್ದರಿಂದ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯ ಆಗುವುದರಿಂದ, ಆಮೇಲಿನ ವರ್ಷಗಳಿಗೆ ಸೆಕ್ಷನ್ ನಂಬರುಗಳು ಬೇರೆ.

ಕಂಪನಿ ನಡೆಸುವವರು ಅಣ್ಣ ತಮ್ಮ. ಅಪ್ಪನ ಕಾಲದಲ್ಲಿ ಅದು ಫ್ಯಾಬ್ರಿಕೇಶನ್ ವರ್ಕ್‌ಶಾಪ್ ಆಗಿತ್ತು. ಗೇಟು, ಗ್ರಿಲ್ಲು, ಅಡಿಕೆ ಸುಲಿಯುವ ಯಂತ್ರದ ರಿಪೇರಿ, ಹೀಗೆ. 2019ರಲ್ಲಿ ಅದನ್ನು ಕಂಪನಿ ಮಾಡಿ, ಹಳೇ ಯಂತ್ರಗಳನ್ನೂ ಅದರೊಳಗೆ ತಂದು, ಅಡಿಕೆ ಒಣಗಿಸುವ ಡ್ರೈಯರ್ ಮಾಡಲು ಶುರು ಮಾಡಿದರು. ವ್ಯಾಪಾರ ಚೆನ್ನಾಗೇ ಕುದುರಿತು. ತಮ್ಮ ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದಿದವನು. ಅವನ ತಲೆಗೆ ಹೊಕ್ಕಿದ್ದು ಮುರುಗಲು ಮತ್ತು ಉಪ್ಪಾಗೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ನಾಲ್ಕು ಮಾತು. ಮುರುಗಲು ಅಂದರೆ ಕೋಕಂ. ಏಪ್ರಿಲ್, ಮೇನಲ್ಲಿ ಹಣ್ಣಾಗುತ್ತದೆ. ಮಳೆ ಬೇಗ ಬಂತು ಅಂದರೆ ಅಂಗಳದಲ್ಲಿ ಹರಡಿದ ಸಿಪ್ಪೆಗೆ ಬೂಷ್ಟು ಹಿಡಿಯುತ್ತದೆ. ಉಪ್ಪಾಗೆ ಅದರದ್ದೇ ಜಾತಿಯ ಇನ್ನೊಂದು ಹುಳಿ ಹಣ್ಣು, ಇನ್ನೂ ಕಷ್ಟದ್ದು. ಅದು ಹಣ್ಣಾಗುವುದೇ ಜೋರು ಮಳೆಯಲ್ಲಿ, ಘಟ್ಟದ ಕಾಡಿನೊಳಗೆ. ಬಿಸಿಲು ಅನ್ನುವುದು ಇಲ್ಲದ ತಿಂಗಳುಗಳು. ಹಾಗಾಗಿ ಒಲೆ ಮೇಲೆ ತಟ್ಟಿ ಕಟ್ಟಿ, ಹಗಲೂ ರಾತ್ರಿ ಕಟ್ಟಿಗೆ ಉರಿಸಿ ಒಣಗಿಸುತ್ತಾರೆ. ಸಿಪ್ಪೆ ಕಪ್ಪಾಗುತ್ತದೆ, ಹೊಗೆ ವಾಸನೆ ಹಿಡಿಯುತ್ತದೆ. ಕೇರಳದ ಮೀನು ಸಾರಿಗೆ ಆ ಹೊಗೆಯ ಸಿಪ್ಪೆಯೇ ಬೇಕು. ಆದರೆ ಸಿಪ್ಪೆಯ ಹುಳಿ ಅಂಶ ತೆಗೆದು ಔಷಧಿಗೆ, ಪುಡಿಗೆ ಬಳಸುವವರು ಹೊಗೆ ಇಲ್ಲದ, ಸ್ವಚ್ಛ ಮಾಲು ಕೇಳುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ, ಒಂದಿಷ್ಟು ಸಿಪ್ಪೆ ಒಣಗಿಸಲು ಕಾಡಿನಿಂದ ಹೊರೆಗಟ್ಟಲೆ ಕಟ್ಟಿಗೆ ಹೋಗುತ್ತದೆ. ಇದು ಕಣ್ಣೆದುರು ನಡೆಯುವ ನಷ್ಟ. ಆ ಹುಡುಗ ಇದಕ್ಕೆ ಕೈ ಹಾಕಿದ್ದು ನನಗೆ ತುಂಬಾ ಖುಷಿ ಕೊಟ್ಟ ವಿಷಯ. ಈ ಕೇಸಿಗೆ ನಾನು ಜಾಸ್ತಿ ಸಮಯ ಕೊಟ್ಟಿದ್ದೂ ಅದಕ್ಕೇ.

ಅಡಿಕೆ ಡ್ರೈಯರನ್ನೇ ಇದಕ್ಕೂ ಬಳಸಬಹುದಲ್ಲ ಅಂತ ಕೇಳಬಹುದು. ಆಗುವುದಿಲ್ಲ. ಮುರುಗಲಿನ ಕೆಂಪು ಬಣ್ಣ ಬಿಸಿಗೆ ಕೆಡುತ್ತದೆ. ಬಿಸಿ ಕಡಿಮೆ ಮಾಡಿದರೆ ಮಳೆಗಾಲದ ತೇವದ ಗಾಳಿಯಲ್ಲಿ ಸಿಪ್ಪೆ ಒಣಗುವ ಮೊದಲೇ ಹುಳಿತು ಹೋಗುತ್ತದೆ. ಅದಕ್ಕೆ ಅವನು ಹೀಟ್ ಪಂಪ್ ಹಾಕಿ, ಒಳಗಿನ ಗಾಳಿಯನ್ನೇ ತಿರುಗಿಸಿ, ಅದರ ತೇವವನ್ನು ನೀರಾಗಿ ಇಳಿಸಿ ಹೊರಗೆ ಬಿಡುವ ಒಂದು ಸುರಂಗ ಡ್ರೈಯರ್ ಕಟ್ಟಿದ. ಸಿಪ್ಪೆ ಎಷ್ಟು ದಪ್ಪಕ್ಕೆ ಕೊಯ್ಯಬೇಕು, ಎಷ್ಟು ಬಿಸಿ, ಎಷ್ಟು ಗಾಳಿ, ಇದ್ಯಾವುದೂ ಅವನಿಗೆ ಮೊದಲೇ ಗೊತ್ತಿರಲಿಲ್ಲ. ಪ್ರಯೋಗ ಮಾಡಿಯೇ ಕಂಡುಕೊಳ್ಳಬೇಕಿತ್ತು.

ಆ ವರ್ಷ ಈ ಕೆಲಸಕ್ಕೆ ಆದ ಖರ್ಚು 24 ಲಕ್ಷ. ಸಂಬಳ 6 ಲಕ್ಷ. ಹಣ್ಣು, ವಿದ್ಯುತ್, ಲ್ಯಾಬ್ ಪರೀಕ್ಷೆ ಎಲ್ಲ ಸೇರಿ 5 ಲಕ್ಷ. ಸುರಂಗ, ಹೀಟ್ ಪಂಪ್, ತೇವಾಂಶ ಅಳೆಯುವ ಉಪಕರಣಗಳು 9 ಲಕ್ಷ. ಪ್ರಯೋಗಕ್ಕೆಂದೇ ಕಟ್ಟಿದ ಶೆಡ್ 4 ಲಕ್ಷ.

200 ಪರ್ಸೆಂಟ್ ಎಲ್ಲಿಂದ ಬಂತು

ಅಣ್ಣ ನನ್ನ ಹತ್ತಿರ ಬಂದಾಗ ಕೈಯಲ್ಲಿ ಒಂದು ಪ್ರಿಂಟ್ ಇತ್ತು. ಬೆಂಗಳೂರಿನ ಒಬ್ಬ ಸಲಹೆಗಾರ ಕಳಿಸಿದ್ದು. ಸಂಶೋಧನೆಗೆ ಮಾಡಿದ ಖರ್ಚಿನ 200 ಪರ್ಸೆಂಟನ್ನು ತೆರಿಗೆ ಹಾಕುವ ಲಾಭದಿಂದ ಕಳೆಯಬಹುದು, ದಿಲ್ಲಿಯ ಡಿಎಸ್‌ಐಆರ್ ಅನುಮೋದನೆ ತಾವೇ ಮಾಡಿಸಿಕೊಡುತ್ತೇವೆ, ಮುಂಗಡ ಇಷ್ಟು, ಆಮೇಲೆ ಉಳಿದ ತೆರಿಗೆಯಲ್ಲಿ ಪಾಲು ಇಷ್ಟು. 24 ಲಕ್ಷ ಖರ್ಚಿಗೆ 48 ಲಕ್ಷ ಕಳೆಯಬಹುದು ಅಂದರೆ ಯಾರಿಗೆ ಆಸೆ ಆಗಲ್ಲ ಹೇಳಿ. ಆ ವರ್ಷದ ಲಾಭವೇ 30 ಲಕ್ಷ. ತೆರಿಗೆಯೇ ಕಟ್ಟಬೇಕಾಗಿಲ್ಲ ಅನ್ನುವ ಲೆಕ್ಕ ಅವರ ಮನಸ್ಸಿನಲ್ಲಿ ಆಗಲೇ ಆಗಿಹೋಗಿತ್ತು.

ಆ ಪ್ರಿಂಟಿನಲ್ಲಿ ಇದ್ದದ್ದು ಪೂರ್ತಿ ಕಟ್ಟುಕತೆ ಏನಲ್ಲ. ಒಂದು ಕಾಲದಲ್ಲಿ ಅದು ನಿಜವಾಗಿತ್ತು. ಸೆಕ್ಷನ್ 35(2ಎಬಿ) ಪ್ರಕಾರ, ಕಂಪನಿಯೊಳಗಿನ ಸಂಶೋಧನಾ ಘಟಕಕ್ಕೆ ಡಿಎಸ್‌ಐಆರ್, ಅಂದರೆ ಕೇಂದ್ರದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಇಲಾಖೆ, ಅನುಮೋದನೆ ಕೊಟ್ಟರೆ ಖರ್ಚಿಗಿಂತ ಜಾಸ್ತಿ ಮೊತ್ತ ಕಳೆಯಲು ಬಿಡುತ್ತಿದ್ದರು. 2010ರ ಬಜೆಟ್‌ನಲ್ಲಿ ಅದು 150ರಿಂದ 200 ಪರ್ಸೆಂಟಿಗೆ ಏರಿತು. 2016ರ ಬಜೆಟ್‌ನಲ್ಲಿ ಇಳಿಸುವ ದಾರಿ ಹಾಕಿದರು. 2017ರ ಏಪ್ರಿಲ್ 1ರಿಂದ 150. 2020ರ ಏಪ್ರಿಲ್ 1ರಿಂದ ಬರೀ 100. ಅಂದರೆ ಖರ್ಚು ಮಾಡಿದ್ದಷ್ಟೇ.

ಹಳೇ ಸ್ಲೈಡ್‌ಗಳು ಮಾತ್ರ ಇಂದಿಗೂ ವಾಟ್ಸಾಪ್‌ನಲ್ಲಿ ಸುತ್ತುತ್ತಿವೆ. ಇದರಿಂದ ನಿಜಕ್ಕೂ ನಷ್ಟ ಆಗುವುದು ಸಣ್ಣವರಿಗೆ. ದೊಡ್ಡ ಕಂಪನಿಗಳಿಗೆ ತೆರಿಗೆ ನೋಡಲೆಂದೇ ಒಂದು ವಿಭಾಗ ಇರುತ್ತದೆ. ಶಿರಸಿಯ ವರ್ಕ್‌ಶಾಪಿನವರು ಮುಂಗಡ ಕೊಟ್ಟು, ಫೈಲು ಮಾಡಿಸಿ, ಕೊನೆಗೆ ಕೈಗೆ ಬಂದದ್ದು ಏನು ಅಂತ ನೋಡಿಕೊಳ್ಳಬೇಕಾಗುತ್ತದೆ.

ಮೊದಲು ತೆಗೆದ ಕಾಗದ

ಇಂಥ ಪ್ರಶ್ನೆ ಬಂದಾಗ ಸಂಶೋಧನೆಯ ಫೈಲಿಗಿಂತ ಮೊದಲು ನೋಡಬೇಕಾದ ಕಾಗದ ಒಂದಿದೆ. ಫಾರ್ಮ್ 10-ಐಸಿ. ಕಂಪನಿ ಸೆಕ್ಷನ್ 115ಬಿಎಎ ಅಡಿಯ ಕಡಿಮೆ ದರ ಆರಿಸಿಕೊಂಡಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತದೆ. ಇವರದ್ದು ಪೋರ್ಟಲ್‌ನಲ್ಲಿ ತೆರೆದು ನೋಡಿದೆ. 2019-20ರ ಸಾಲಿಗೇ ಸಲ್ಲಿಸಿದ್ದರು. ಒಮ್ಮೆ ಆರಿಸಿಕೊಂಡರೆ ವಾಪಸ್ ಬರುವ ದಾರಿ ಇಲ್ಲ.

115ಬಿಎಎ ಅಡಿ ತೆರಿಗೆ 22 ಪರ್ಸೆಂಟ್. ಅದರ ಮೇಲೆ 10 ಪರ್ಸೆಂಟ್ ಸರ್ಚಾರ್ಜ್, ಆಮೇಲೆ 4 ಪರ್ಸೆಂಟ್ ಸೆಸ್. ಒಟ್ಟು 25.168 ಪರ್ಸೆಂಟ್. ಇದಕ್ಕೆ ಬದಲಾಗಿ ಕೆಲವು ರಿಯಾಯಿತಿ ಬಿಟ್ಟುಕೊಡಬೇಕು. ಬಿಟ್ಟುಕೊಡಬೇಕಾದವುಗಳ ಪಟ್ಟಿಯಲ್ಲಿ 35(2ಎಬಿ) ಹೆಸರು ಹಿಡಿದೇ ಇದೆ. ಹಾಗಾಗಿ ಡಿಎಸ್‌ಐಆರ್ ಅನುಮೋದನೆ ಬಂದರೂ ಈ ಕಂಪನಿಗೆ ಆ ಸೆಕ್ಷನ್‌ನಲ್ಲಿ ಒಂದು ರೂಪಾಯಿಯೂ ಸಿಗುತ್ತಿರಲಿಲ್ಲ. ಸಲಹೆಗಾರ ಈ ಒಂದು ಪ್ರಶ್ನೆ ಕೇಳಿದ್ದರೆ ವಿಷಯ ಅಲ್ಲೇ ಮುಗಿಯುತ್ತಿತ್ತು.

ಅಣ್ಣನಿಗೆ ಬೇಜಾರಾಯಿತು. "ಹಾಗಾದ್ರೆ ಅವತ್ತು 10-ಐಸಿ ಹಾಕಿದ್ದೇ ತಪ್ಪಾಯ್ತಾ?" ಅಂತ ಕೇಳಿದ. ತಪ್ಪಾಗಿರಲಿಲ್ಲ. ಅದನ್ನು ಅಂಕಿ ಹಾಕಿಯೇ ತೋರಿಸಿದೆ. ಹಳೇ ಪದ್ಧತಿಯಲ್ಲಿ ಇದ್ದಿದ್ದರೆ ಇವರಷ್ಟು ಸಣ್ಣ ಕಂಪನಿಗೆ ದರ 25 ಪರ್ಸೆಂಟ್, ಆದಾಯ ಕೋಟಿಯ ಒಳಗಾದ್ದರಿಂದ ಸರ್ಚಾರ್ಜ್ ಇಲ್ಲ, ಸೆಸ್ ಸೇರಿ 26. ಅಲ್ಲಿ 35(2ಎಬಿ) ಸಿಗುತ್ತಿತ್ತು ನಿಜ. ಆದರೆ ಅದು 100 ಪರ್ಸೆಂಟಿಗೆ ಇಳಿದ ಮೇಲೆ, ಸಂಶೋಧನೆಯ ಖರ್ಚಿಗೇ ಇರುವ, ಯಾರ ಅನುಮೋದನೆಯೂ ಬೇಡದ ಸೆಕ್ಷನ್ 35(1)ರಲ್ಲಿ ಸಿಗುವುದಕ್ಕಿಂತ ಹೆಚ್ಚು ಅದರಲ್ಲಿ ಏನೂ ಉಳಿದಿಲ್ಲ. ಇನ್ನೂ ಹೇಳಬೇಕೆಂದರೆ, 35(2ಎಬಿ)ಯಲ್ಲಿ ಜಮೀನು ಮತ್ತು ಕಟ್ಟಡ ಎರಡೂ ಹೊರಗೆ. 35(1)ರಲ್ಲಿ ಹೊರಗಿರುವುದು ಜಮೀನು ಮಾತ್ರ. ಇವರ 4 ಲಕ್ಷದ ಶೆಡ್ ದೊಡ್ಡ ಅನುಮೋದನೆ ಇರುವ ಸೆಕ್ಷನ್‌ನಲ್ಲಿ ಬರುತ್ತಿರಲಿಲ್ಲ, ಅನುಮೋದನೆಯೇ ಬೇಡದ ಸೆಕ್ಷನ್‌ನಲ್ಲಿ ಬರುತ್ತದೆ.

ಜೊತೆಗೆ ಹಳೇ ಪದ್ಧತಿಯಲ್ಲಿ ಮ್ಯಾಟ್ ಅನ್ನುವ ಕನಿಷ್ಠ ತೆರಿಗೆ ಕಾದಿರುತ್ತದೆ. ಆ ಸಾಲಿಗೆ ಪುಸ್ತಕದ ಲಾಭ, ಅಂದರೆ ಕಂಪನಿಯ ಲೆಕ್ಕಪುಸ್ತಕ ತೋರಿಸುವ ಲಾಭದ ಮೇಲೆ 15 ಪರ್ಸೆಂಟ್, ಸೆಸ್ ಸೇರಿ 15.6. ಪುಸ್ತಕದಲ್ಲಿ 30 ಲಕ್ಷ ಲಾಭ ಇದ್ದರೆ ಕನಿಷ್ಠ 4.68 ಲಕ್ಷ ಕಟ್ಟಲೇಬೇಕು. ಸಂಶೋಧನೆಯ ಖರ್ಚು ಕಳೆದು ಆದಾಯ 18 ಲಕ್ಷಕ್ಕಿಂತ ಕೆಳಗೆ ಇಳಿದರೆ, ಅದರಿಂದ ಕೆಳಗೆ ಕಳೆದದ್ದಕ್ಕೆ ಆ ವರ್ಷ ಬೆಲೆ ಇಲ್ಲ. 115ಬಿಎಎ ಕಂಪನಿಗಳಿಗೆ ಮ್ಯಾಟ್ ಇಲ್ಲ. ಸಂಶೋಧನೆಗೆ ಒಂದೇ ವರ್ಷ ದೊಡ್ಡ ಮೊತ್ತ ಹಾಕುವ ಸಣ್ಣ ಕಂಪನಿಗೆ ಇದು ಒಳ್ಳೆಯ ಜಾಗ.

ಸ್ಟಾರ್ಟ್‌ಅಪ್ ರಿಯಾಯಿತಿ ಕೇಳಿದ್ದೂ ಆಯಿತು. ಸೆಕ್ಷನ್ 80-ಐಎಸಿ ಪ್ರಕಾರ, 2016ರ ಏಪ್ರಿಲ್ 1ರ ನಂತರ ಶುರುವಾದ, ಅರ್ಹ ಸ್ಟಾರ್ಟ್‌ಅಪ್ ಅಂತ ಪ್ರಮಾಣಪತ್ರ ಪಡೆದ ಕಂಪನಿಗೆ ಹತ್ತು ವರ್ಷಗಳಲ್ಲಿ ಸತತ ಮೂರು ವರ್ಷದ ಲಾಭಕ್ಕೆ ತೆರಿಗೆ ಇಲ್ಲ. ಇವರಿಗೆ ಅದು ಎರಡು ಕಾರಣಕ್ಕೆ ಬರಲ್ಲ. ಅಪ್ಪನ ವ್ಯಾಪಾರವನ್ನೇ ಮುಂದುವರಿಸಿ ಕಟ್ಟಿದ ಕಂಪನಿ ಇದು, ಹಳೇ ಯಂತ್ರಗಳೇ ಹೆಚ್ಚು. ಇದ್ದ ವ್ಯಾಪಾರವನ್ನು ಒಡೆದು ಅಥವಾ ಹೊಸ ರೂಪ ಕೊಟ್ಟು ಮಾಡಿದ್ದಕ್ಕೆ ಆ ರಿಯಾಯಿತಿ ಇಲ್ಲ. ಇನ್ನೊಂದು, 115ಬಿಎಎ ಒಳಗೆ 80-ಐಎಸಿಗೂ ಬಾಗಿಲು ಮುಚ್ಚಿದೆ.

ಉಳಿದದ್ದು ಏನು

ಉಳಿದದ್ದು ಸೆಕ್ಷನ್ 35(1). ಇದರ ಎರಡು ಉಪಭಾಗಗಳು ಇಲ್ಲಿ ಮುಖ್ಯ. 35(1)(ಐ) ಪ್ರಕಾರ ಸ್ವಂತ ವ್ಯಾಪಾರಕ್ಕೆ ಸಂಬಂಧಪಟ್ಟ ವೈಜ್ಞಾನಿಕ ಸಂಶೋಧನೆಯ ದಿನದಿನದ ಖರ್ಚು. 35(1)(ಐವಿ) ಪ್ರಕಾರ ಅದೇ ಸಂಶೋಧನೆಗೆ ಹಾಕಿದ ಬಂಡವಾಳ ಖರ್ಚು, ಅಂದರೆ ಯಂತ್ರ, ಕಟ್ಟಡದಂಥದ್ದು. 115ಬಿಎಎ ಇವೆರಡನ್ನೂ ಮುಟ್ಟಿಲ್ಲ. ಇದನ್ನು ತಿಳಿಯದೆ "ನಾವು ಹೊಸ ದರದಲ್ಲಿದ್ದೇವೆ, ಸಂಶೋಧನೆಗೆ ಏನೂ ಸಿಗಲ್ಲ" ಅಂತ ಕೈ ಬಿಟ್ಟವರನ್ನು ನಾನು ನೋಡಿದ್ದೇನೆ.

24 ಲಕ್ಷದಲ್ಲಿ ಸಂಬಳ ಮತ್ತು ಸಾಮಗ್ರಿಯ 11 ಲಕ್ಷಕ್ಕೆ ಇದರಿಂದ ಹೊಸ ಲಾಭ ಇಲ್ಲ. ಅದು ಸಂಶೋಧನೆ ಅಂತ ಕರೆಯದಿದ್ದರೂ ವ್ಯಾಪಾರದ ಖರ್ಚಾಗಿ ಕಳೆದೇ ಹೋಗುತ್ತದೆ. ಆಟ ಇರುವುದು ಬಂಡವಾಳದ 13 ಲಕ್ಷದಲ್ಲಿ. ಅಕೌಂಟ್ಸ್ ಬರೆಯುವ ಹುಡುಗ ಅದನ್ನು ಸಹಜವಾಗಿ ಯಂತ್ರ ಮತ್ತು ಕಟ್ಟಡದ ಖಾತೆಗೆ ಹಾಕಿದ್ದ. ಹಾಗೆ ಬಿಟ್ಟಿದ್ದರೆ ಪೂರ್ತಿ ಬೆಲೆ ಒಮ್ಮೆಗೇ ಕಳೆಯದೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಳೆಯುವ ಸವಕಳಿ ಮಾತ್ರ ಸಿಗುತ್ತಿತ್ತು. ಯಂತ್ರಕ್ಕೆ 15 ಪರ್ಸೆಂಟ್, ಅಂದರೆ 1.35 ಲಕ್ಷ. ಶೆಡ್‌ಗೆ 10 ಪರ್ಸೆಂಟ್, 40 ಸಾವಿರ. ಎರಡೂ ಸೇರಿ 1.75 ಲಕ್ಷ. 35(1)(ಐವಿ) ಅಡಿ ತೋರಿಸಿದರೆ 13 ಲಕ್ಷವೂ ಅದೇ ವರ್ಷ ಕಳೆಯಬಹುದು. ವ್ಯತ್ಯಾಸ 11.25 ಲಕ್ಷ.

ಸವಕಳಿ ಕಳೆದ ಮೇಲಿನ ಲಾಭ 30 ಲಕ್ಷ ಇತ್ತು. ಅದಕ್ಕೆ ತೆರಿಗೆ 7.55 ಲಕ್ಷ. 11.25 ಲಕ್ಷ ಇಳಿದು ಆದಾಯ 18.75 ಲಕ್ಷ ಆದಾಗ ತೆರಿಗೆ 4.72 ಲಕ್ಷ. ಆ ವರ್ಷ ಕೈಯಲ್ಲಿ ಉಳಿದದ್ದು 2.83 ಲಕ್ಷ.

ಇದನ್ನು ಉಳಿತಾಯ ಅಂತ ಕರೆಯುವಾಗ ನಾನು ಎಚ್ಚರಿಕೆಯಿಂದ ಹೇಳುತ್ತೇನೆ. ಈ 13 ಲಕ್ಷಕ್ಕೆ ಮುಂದಿನ ವರ್ಷಗಳಲ್ಲಿ ಸವಕಳಿ ಇಲ್ಲ, ಒಮ್ಮೆಗೇ ಕಳೆದುಬಿಟ್ಟೆವಲ್ಲ. ಹಾಗಾಗಿ ಇದು ತೆರಿಗೆ ಮುಂದಕ್ಕೆ ಹೋದ ಹಾಗೆ. ಆದರೆ ಶಿರಸಿಯಲ್ಲಿ ಡ್ರೈಯರ್ ಮಾಡುವವರಿಗೆ ಆ ದುಡ್ಡು ಯಾವಾಗ ಕೈಯಲ್ಲಿದೆ ಅನ್ನುವುದೇ ದೊಡ್ಡದು. ಅಡಿಕೆ ಕೊಯ್ಲು ಮುಗಿದ ಮೇಲೆ ರೈತರ ಹಣ ಬರುತ್ತದೆ. ಮುರುಗಲು ಪ್ರಯೋಗಕ್ಕೆ ದುಡ್ಡು ಬೇಕಾದದ್ದು ಏಪ್ರಿಲ್‌ನಲ್ಲಿ. ಬ್ಯಾಂಕಿನ ಸಿಸಿ ಸಾಲದ ಬಡ್ಡಿ ಕಟ್ಟುವವರಿಗೆ 2.83 ಲಕ್ಷ ಈ ವರ್ಷವೇ ಕೈಯಲ್ಲಿ ಉಳಿದರೆ ಅದರ ಬೆಲೆ ಗೊತ್ತು. ನಷ್ಟದ ವರ್ಷವಾಗಿದ್ದರೂ ಇದು ವ್ಯರ್ಥ ಹೋಗುತ್ತಿರಲಿಲ್ಲ. ಕಳೆಯಲಾಗದೆ ಉಳಿದ ಬಂಡವಾಳ ಖರ್ಚನ್ನು ಸವಕಳಿಯ ಹಾಗೆಯೇ ವರ್ಷಗಳ ಮಿತಿ ಇಲ್ಲದೆ ಮುಂದಕ್ಕೆ ಒಯ್ಯಬಹುದು.

ಲೇತ್, ಪಿಕಪ್ ಮತ್ತು ಉದ್ದ ಬುಕ್ಕು

ಇಲ್ಲಿಂದ ಮುಂದೆ ನಮ್ಮ ನಡುವೆ ಸ್ವಲ್ಪ ಎಳೆದಾಟ ಆಯಿತು. 13 ಲಕ್ಷ ಪೂರ್ತಿ ಒಂದೇ ವರ್ಷ ಕಳೆಯಬಹುದು ಅಂತ ಗೊತ್ತಾದ ಕೂಡಲೇ ಅಣ್ಣನಿಗೆ ಇನ್ನಷ್ಟು ಸೇರಿಸುವ ಮನಸ್ಸಾಯಿತು. ಅದೇ ವರ್ಷ ತಗೊಂಡ ಒಂದು ಲೇತ್ ಇತ್ತು. ಸುರಂಗದ ಶಾಫ್ಟ್ ತಿರುವಿದ್ದು ಅದರಲ್ಲೇ, ಹಾಗಾಗಿ ಅದೂ ಸಂಶೋಧನೆಗೆ ಅಂದ. ಕಾಡಿನ ಕಡೆಯಿಂದ ಹಣ್ಣು ತಂದ ಪಿಕಪ್ ಗಾಡಿಯೂ ಹೌದು ಅಂದ. ನಾನು ಎರಡನ್ನೂ ಹೊರಗಿಟ್ಟೆ. ಲೇತ್ ಮುಕ್ಕಾಲು ಪಾಲು ಓಡಿದ್ದು ಗಿರಾಕಿಗಳ ಅಡಿಕೆ ಡ್ರೈಯರಿಗೆ. ಪಿಕಪ್ ಅಂತೂ ಕುಮಟಾದಿಂದ ಯಲ್ಲಾಪುರದವರೆಗೆ ಡೆಲಿವರಿಗೆ ಓಡಾಡುತ್ತಿತ್ತು. ಅವಕ್ಕೆ ಸವಕಳಿ ಸಿಗುತ್ತದೆ, ಸಾಕು. ಅನುಮಾನ ಬರುವ 5 ಲಕ್ಷ ಸೇರಿಸಲು ಹೋಗಿ ಗಟ್ಟಿಯಾಗಿರುವ 13 ಲಕ್ಷವನ್ನೂ ಪ್ರಶ್ನೆಗೆ ಒಡ್ಡುವುದು ನನಗೆ ಒಪ್ಪಿಗೆ ಇಲ್ಲ.

ವೈಜ್ಞಾನಿಕ ಸಂಶೋಧನೆ ಅಂದರೇನು ಅಂತ ಕಾಯ್ದೆಯ ಸೆಕ್ಷನ್ 43(4) ಹೇಳುತ್ತದೆ. ನಿಸರ್ಗ ವಿಜ್ಞಾನ ಅಥವಾ ಅನ್ವಯ ವಿಜ್ಞಾನದಲ್ಲಿ ತಿಳಿವಳಿಕೆ ಬೆಳೆಸುವ ಕೆಲಸ. ಕೃಷಿ, ಪಶುಸಂಗೋಪನೆ, ಮೀನುಗಾರಿಕೆ ಇದರೊಳಗೆ ಸೇರುತ್ತವೆ ಅಂತ ಕಾಯ್ದೆಯೇ ಬಾಯಿಬಿಟ್ಟು ಹೇಳಿದೆ. ಬೇರೆಯವರ ಸಂಶೋಧನೆಯ ಹಕ್ಕು ದುಡ್ಡು ಕೊಟ್ಟು ಕೊಂಡರೆ ಅದು ಇದರಲ್ಲಿ ಬರುವುದಿಲ್ಲ. ಒಂದು ವೇಳೆ ಇದು ಸಂಶೋಧನೆಯೋ ಅಲ್ಲವೋ ಅಂತ ಪ್ರಶ್ನೆ ಎದ್ದರೆ, 35(3) ಪ್ರಕಾರ ತೆರಿಗೆ ಮಂಡಳಿ ಅದನ್ನು ನಿಗದಿತ ಪ್ರಾಧಿಕಾರಕ್ಕೆ ಕಳಿಸಬೇಕು. ಅವರ ತೀರ್ಮಾನವೇ ಕೊನೆ. ಹಾಗಾಗಿ ವಿಜ್ಞಾನ ಗೊತ್ತಿರುವವರು ಓದಿದರೂ ಒಪ್ಪುವಂಥ ದಾಖಲೆ ನಮ್ಮ ಹತ್ತಿರ ಇರಬೇಕು.

ಅಂಥ ದಾಖಲೆ ಏನಿದೆ ಅಂತ ತಮ್ಮನನ್ನು ಕೇಳಿದೆ. ಅವನು ಮೊದಲು ಕೊಟ್ಟದ್ದು ಬಣ್ಣದ ಫೋಟೊ ಇರುವ ಬ್ರೋಶರ್. ಸುಮ್ನೆ ಪಕ್ಕಕ್ಕಿಟ್ಟೆ. ಆಮೇಲೆ ಶೆಡ್ಡಿನಿಂದ ಒಂದು ಉದ್ದ ಬುಕ್ಕು ತಂದ. ಅಂಗಡಿಯಲ್ಲಿ ಉದ್ರಿ ಬರೆಯಲು ಇಡುತ್ತಾರಲ್ಲ, ಅಂಥದ್ದು. ಪುಟದ ಅಂಚುಗಳಿಗೆಲ್ಲ ಮುರುಗಲಿನ ಕೆಂಪು ಕಲೆ. ಪ್ರತಿ ಸಾಲಿನಲ್ಲಿ ದಿನಾಂಕ, ಹಣ್ಣು ಎಲ್ಲಿಂದ ಬಂತು, ಹಸಿ ತೂಕ, ಸಿಪ್ಪೆ ಎಷ್ಟು ಮಿಲಿಮೀಟರ್ ದಪ್ಪ, ಸುರಂಗದ ಬಿಸಿ, ಎಷ್ಟು ತಾಸು, ಒಣ ತೂಕ. ಕೊನೆಯ ಕಾಲಂ "ಶರಾ". ಅದರಲ್ಲಿ ಒಂದು ಕಡೆ "ಕರೆಂಟ್ ಹೋಯ್ತು, 3 ತಾಸು, ಬೂಷ್ಟು" ಅಂತ ಇತ್ತು. ಇನ್ನೊಂದು ಕಡೆ "ಬಣ್ಣ ಚಲೋ, ಒಳಗೆ ಹಸಿ". ಮತ್ತೊಂದು ಕಡೆ ಇಡೀ ಸಾಲು ಹೊಡೆದು ಹಾಕಿ "ಫ್ಯಾನ್ ಉಲ್ಟಾ ತಿರುಗಿತ್ತು" ಅಂತ ಬರೆದಿತ್ತು. ಬರೆದದ್ದು ತಟ್ಟೆ ತಿರುಗಿಸುವ ಕೆಲಸದ ಹೆಣ್ಣುಮಗಳು. ಅವರ ಅಕ್ಷರ ದುಂಡಗೆ, ಒಂದು ದಿನವೂ ಬಿಟ್ಟಿಲ್ಲ.

ತಮ್ಮನಿಗೆ ಆ ಕೆಟ್ಟ ಬ್ಯಾಚುಗಳನ್ನು ತೋರಿಸಲು ನಾಚಿಕೆ. ಅದನ್ನು ಬಿಟ್ಟು ಒಳ್ಳೆಯ ಫಲಿತಾಂಶಗಳನ್ನಷ್ಟೇ ಟೈಪ್ ಮಾಡಿ ಕೊಡಲಾ ಅಂತ ಕೇಳಿದ. ಬೇಡವೇ ಬೇಡ ಅಂದೆ. ಅಷ್ಟೊಂದು ಬ್ಯಾಚು ಕೆಟ್ಟಿವೆ ಅನ್ನುವುದೇ ಇದು ಮಾಮೂಲಿ ಉತ್ಪಾದನೆ ಅಲ್ಲ ಅನ್ನುವುದಕ್ಕೆ ಸಾಕ್ಷಿ. ಉತ್ತರ ಮೊದಲೇ ಗೊತ್ತಿದ್ದವರು ಹೀಗೆ ಹಣ್ಣು ಹಾಳು ಮಾಡಿಕೊಳ್ಳುವುದಿಲ್ಲ. ಆ ಬುಕ್ಕನ್ನು ಪುಟ ಪುಟ ಸ್ಕ್ಯಾನ್ ಮಾಡಿಸಿದೆವು. ಮೂಲ ಪ್ರತಿ ಕಂಪನಿಯ ಬೀರುವಿನಲ್ಲಿದೆ. ಹೊರಗಿನ ಲ್ಯಾಬಿನ ವರದಿಗಳ ದಿನಾಂಕ ಬುಕ್ಕಿನ ದಿನಾಂಕಕ್ಕೆ ತಾಳೆ ಆಯಿತು. ಯಾವ ಬ್ಯಾಚಿನ ಸಿಪ್ಪೆ ಪರೀಕ್ಷೆಗೆ ಹೋಯಿತು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು.

ಸಂಬಳದ ಪಾಲು ತೆಗೆಯಲೂ ಅದೇ ಬುಕ್ಕು ಬೇಕಾಯಿತು. ಇಬ್ಬರು ಕೆಲಸಗಾರರು ಮುರುಗಲು, ಉಪ್ಪಾಗೆ ಸೀಸನ್‌ನಲ್ಲಿ ಪೂರ್ತಿ ಪ್ರಯೋಗಕ್ಕೆ, ಉಳಿದ ತಿಂಗಳು ಅಡಿಕೆ ಡ್ರೈಯರ್ ಲೈನಿಗೆ. ಹಾಜರಿ ಪುಸ್ತಕ ಮತ್ತು ಉದ್ದ ಬುಕ್ಕು ಎರಡನ್ನೂ ಎದುರಿಗಿಟ್ಟು ಪಾಲು ಮಾಡಿದೆವು. ಪ್ರಯೋಗದಲ್ಲಿ ಚೆನ್ನಾಗಿ ಬಂದ ಸಿಪ್ಪೆಯನ್ನು ಅವರು ಮಾರಿದ್ದರು. ಆ ದುಡ್ಡು ಮನೆ ಖರ್ಚಿಗೆ ಹೋಗದೆ ಕಂಪನಿಯ ಆದಾಯಕ್ಕೇ ಬಂದಿತ್ತು. ಅದು ಒಳ್ಳೆಯದಾಯಿತು.

ಶೆಡ್ಡಿನದ್ದು ಒಂದು ತೊಡಕಿತ್ತು. ಜಾಗ ಅಪ್ಪನ ಹೆಸರಿನಲ್ಲಿದೆ, ಕಟ್ಟಿದ್ದು ಕಂಪನಿ. ಲೀಸ್ ಕರಾರು ಇತ್ತು. ಸಿಮೆಂಟು, ಶೀಟಿನ ಬಿಲ್ಲೆಲ್ಲ ಕಂಪನಿ ಹೆಸರಿಗೇ ಇದ್ದವು. ಬಿಲ್ಲು ಅಪ್ಪನ ಹೆಸರಿಗೆ ಆಗಿದ್ದರೆ 4 ಲಕ್ಷ ಅಲ್ಲಿಗೇ ಹೋಗುತ್ತಿತ್ತು. ನಮ್ಮ ಕಡೆ ಇಂಥ ಬಿಲ್ಲುಗಳು ಸಲೀಸಾಗಿ ಮನೆಯವರ ಹೆಸರಿಗೆ ಬರೆದುಹೋಗುತ್ತವೆ, ಅಲ್ವಾ. ಅಂಗಡಿಯವರು ಪರಿಚಯದವರು, ಅಪ್ಪನ ಹೆಸರೇ ಅವರಿಗೆ ಗೊತ್ತಿರುವುದು.

ಅರ್ಜಿ ಎಲ್ಲಿ

ಇಷ್ಟಾದ ಮೇಲೆ ಅರ್ಜಿ ಎಲ್ಲಿಗೆ ಹಾಕಬೇಕು ಅಂತ ಅಣ್ಣ ಕೇಳಿದ. ಪ್ರತ್ಯೇಕ ಅರ್ಜಿ ಇಲ್ಲ. ರಿಟರ್ನೇ ಅರ್ಜಿ. ಕಂಪನಿಗಳ ಐಟಿಆರ್-6ರಲ್ಲಿ ಇಎಸ್‌ಆರ್ ಅನ್ನುವ ಷೆಡ್ಯೂಲ್ ಇದೆ. ಸೆಕ್ಷನ್ 35ರ ಲೆಕ್ಕ ಹೋಗುವುದು ಅಲ್ಲಿ. ಇವರಿಗೆ ಟ್ಯಾಕ್ಸ್ ಆಡಿಟ್ ಕೂಡ ಇತ್ತು. ವಹಿವಾಟು ಕೋಟಿ ದಾಟಿದೆ. ರೈತರು ನಗದು ಕೊಡುವುದು ಜಾಸ್ತಿ ಆದ್ದರಿಂದ, ನಗದು 5 ಪರ್ಸೆಂಟಿನೊಳಗೆ ಇರುವವರಿಗೆ ಸಿಗುವ 10 ಕೋಟಿಯ ಮಿತಿ ಇವರಿಗೆ ಬರಲಿಲ್ಲ. ಆಡಿಟ್ ವರದಿ 3ಸಿಡಿಯ 19ನೇ ಕಲಂನಲ್ಲಿ 35(1)(ಐ), 35(1)(ಐವಿ)ಗೆ ಪ್ರತ್ಯೇಕ ಸಾಲುಗಳಿವೆ. ಅಲ್ಲಿ ಬರೆದ ಮೊತ್ತ ಮತ್ತು ಇಎಸ್‌ಆರ್‌ನ ಮೊತ್ತ ಒಂದೇ ಆಗಿರಬೇಕು. ಸವಕಳಿಯ ಪಟ್ಟಿಯಿಂದ ಆ 13 ಲಕ್ಷವನ್ನು ತೆಗೆದಿರಬೇಕು. ಎರಡೂ ಕಡೆ ಇದ್ದರೆ ಒಂದೇ ಖರ್ಚನ್ನು ಎರಡು ಸಲ ಕಳೆದ ಹಾಗೆ. ಕಂಪ್ಯೂಟರ್ ಹಿಡಿಯುತ್ತದೆ, ಹಿಡಿಯದಿದ್ದರೂ ಮಾಡಬಾರದು.

ಆ ಸಾಲಿನ ರಿಟರ್ನ್ ಗಡುವು 2024ರ ಅಕ್ಟೋಬರ್ 31 ಇದ್ದದ್ದು ನವೆಂಬರ್ 15ಕ್ಕೆ ಮುಂದೆ ಹೋಗಿತ್ತು. ಇವರದ್ದು ಮೊದಲೇ ಹೋಯಿತು.

35(2ಎಬಿ) ದಾರಿ ಎಷ್ಟು ಉದ್ದ ಅಂತಲೂ ಅವರಿಗೆ ಬಿಡಿಸಿ ಹೇಳಿದೆ. ಮೊದಲು ಸಂಶೋಧನಾ ಘಟಕಕ್ಕೆ ಡಿಎಸ್‌ಐಆರ್ ಮಾನ್ಯತೆ. ಆಮೇಲೆ ಫಾರ್ಮ್ 3ಸಿಕೆಯಲ್ಲಿ ಅರ್ಜಿ ಮತ್ತು ಒಪ್ಪಂದ. ಅನುಮೋದನೆ 3ಸಿಎಂನಲ್ಲಿ. ಪ್ರತಿ ವರ್ಷ ಆಡಿಟರ್ 3ಸಿಎಲ್‌ಎ ಕೊಡಬೇಕು, ಡಿಎಸ್‌ಐಆರ್ ಆ ವರ್ಷದ ಖರ್ಚನ್ನು ಪರಿಶೀಲಿಸಿ 3ಸಿಎಲ್ ಕಳಿಸಬೇಕು. ಘಟಕಕ್ಕೆ ಬೇರೆಯೇ ಲೆಕ್ಕಪುಸ್ತಕ. ಇದು ಕಂಪನಿಗಳಿಗೆ ಮಾತ್ರ. ಜೊತೆಗೆ ಹನ್ನೊಂದನೇ ಷೆಡ್ಯೂಲಿನ ವಸ್ತು ತಯಾರಿಸುವವರಿಗೆ ಇಲ್ಲ. ಆ ಪಟ್ಟಿಯಲ್ಲಿ ಸೋಪು, ಸೌಂದರ್ಯ ಸಾಧನ, ಮಿಠಾಯಿ, ಚಾಕೊಲೇಟ್ ಇವೆ. ಮುರುಗಲು ಬೀಜದ ಎಣ್ಣೆಯಿಂದ ಸೋಪು ಮಾಡುವ ಯೋಚನೆ ಇರುವವರು ಇದನ್ನು ಗಮನಿಸಬೇಕು. 35(1)ರಲ್ಲಿ ಆ ತಡೆ ಇಲ್ಲ.

ಡಿಎಸ್‌ಐಆರ್ ಮಾನ್ಯತೆಯೇ ಬೇಡ ಅಂತ ನಾನು ಹೇಳುವುದಿಲ್ಲ. ತೆರಿಗೆಯಾಚೆಗೂ ಅದಕ್ಕೆ ಬೆಲೆ ಇದೆ. ಸಂಶೋಧನೆಯ ಅನುದಾನ ಕೇಳುವಾಗ, ದೊಡ್ಡ ಸಂಸ್ಥೆಗಳ ಜೊತೆ ಕೆಲಸ ಮಾಡುವಾಗ ಅದು ತೂಕ ತರುತ್ತದೆ. ಆದರೆ ಅದಕ್ಕೆ ಸಂಶೋಧನೆಗೇ ಮೀಸಲಾದ ಜನ, ಜಾಗ ಬೇಕು. ಉತ್ಪಾದನೆಯ ಗುಣಮಟ್ಟ ನೋಡುವುದನ್ನು ಸಂಶೋಧನೆ ಅಂತ ತೋರಿಸಿದರೆ ನಡೆಯುವುದಿಲ್ಲ. ಸೀಸನ್ ಮುಗಿದ ಮೇಲೆ ಅದೇ ಇಬ್ಬರನ್ನು ಅಡಿಕೆ ಲೈನಿಗೆ ಹಾಕುವ ಕಂಪನಿಗೆ ಈಗಲೇ ಅದು ಭಾರ. ವರ್ಷಪೂರ್ತಿ ಒಬ್ಬ ಎಂಜಿನಿಯರನ್ನು ಪ್ರಯೋಗಕ್ಕೇ ಇಟ್ಟುಕೊಳ್ಳುವಷ್ಟು ಬೆಳೆದ ದಿನ ನೋಡೋಣ ಅಂತ ನಿರ್ಧಾರವಾಯಿತು.

ಸುರಂಗ ಮಾರಿದರೆ

ರಿಟರ್ನ್ ಹೋದ ಮೇಲೆ ಹೊಸ ಪ್ರಶ್ನೆ ಬಂತು. ಸಿದ್ದಾಪುರ ಕಡೆಯ ಒಂದು ಗುಂಪು ಪ್ರಯೋಗದ ಸುರಂಗವನ್ನೇ ಕೊಡಿ ಅಂತ ಕೇಳಿತು. ತಮ್ಮನಿಗೆ ಇನ್ನೊಂದು, ಸುಧಾರಿಸಿದ್ದು, ಕಟ್ಟುವ ಉತ್ಸಾಹ. ಹಳೆಯದು 3 ಲಕ್ಷಕ್ಕೆ ಹೋದರೆ ತೆರಿಗೆ ಹೇಗೆ? ಸೆಕ್ಷನ್ 41(3) ಇದಕ್ಕೇ ಇದೆ. ಸಂಶೋಧನೆಯ ಆಸ್ತಿಯನ್ನು ಬೇರೆ ಕೆಲಸಕ್ಕೆ ಬಳಸದೆ ಹಾಗೇ ಮಾರಿದರೆ, ಪೂರ್ತಿ ಬೆಲೆ ಮೊದಲೇ ಕಳೆದಿರುವುದರಿಂದ, ಬಂದ 3 ಲಕ್ಷವೂ ಆ ವರ್ಷದ ವ್ಯಾಪಾರದ ಆದಾಯ. ಮಾರದೆ ತಾವೇ ಉತ್ಪಾದನೆಗೆ ಬಳಸಿದರೂ ಅದಕ್ಕೆ ಮತ್ತೆ ಸವಕಳಿ ಇಲ್ಲ, ಲೆಕ್ಕದಲ್ಲಿ ಅದರ ಬೆಲೆ ಸೊನ್ನೆ. ಇಷ್ಟು ತಿಳಿದುಕೊಂಡು ಮಾರುವುದಾದರೆ ಮಾರಬಹುದು. ಅವರು ಮಾರಿದರು. ಆ ಗುಂಪಿನವರಿಗೆ ಆ ಮಳೆಗಾಲದಲ್ಲಿ ಕಟ್ಟಿಗೆ ಒಲೆಯ ಅಗತ್ಯ ಕಡಿಮೆ ಆಯಿತು ಅನ್ನುವುದು ನನಗೆ ತೆರಿಗೆಗಿಂತ ದೊಡ್ಡ ವಿಷಯ.

ಕಾರವಾರದಿಂದ ಬಂದ ಪ್ರಶ್ನೆ

ಈ ಕೇಸಿನ ಸುದ್ದಿ ಕೇಳಿ ಕಾರವಾರದ ಒಬ್ಬರು ವಿಚಾರಿಸಿದರು. ಅವರು ಒಣಮೀನು ವ್ಯಾಪಾರ ಮಾಡುವವರು, ಪ್ರೊಪ್ರೈಟರ್. ಮರಳಿನ ಮೇಲೆ ಒಣಗಿಸುವ ಬದಲು ಸೋಲಾರ್ ಡ್ರೈಯರ್‌ನಲ್ಲಿ ಯಾವ ಮೀನು ಎಷ್ಟು ಉಪ್ಪಿಗೆ, ಎಷ್ಟು ಬಿಸಿಗೆ ಚೆನ್ನಾಗಿ ಬರುತ್ತದೆ ಅಂತ ಪ್ರಯೋಗ ಮಾಡಬೇಕು ಅನ್ನುವ ಆಸೆ. ಕಂಪನಿ ಇಲ್ಲ ಅಂದರೆ ಸಿಗುತ್ತದಾ ಅಂತ ಕೇಳಿದರು. 35(1) ಕಂಪನಿಗೆ ಮಾತ್ರ ಅಂತೇನಿಲ್ಲ. ಪ್ರೊಪ್ರೈಟರ್‌ಗೂ ಇದೆ, ಪಾಲುದಾರಿಕೆಗೂ ಇದೆ. ವ್ಯಕ್ತಿಗಳ ಹೊಸ ತೆರಿಗೆ ಪದ್ಧತಿ 115ಬಿಎಸಿ ಕೂಡ ಇದನ್ನು ಕಿತ್ತುಕೊಂಡಿಲ್ಲ.

ಆದರೆ ಅವರು ವರ್ಷಗಳಿಂದ 44ಎಡಿ ಅಡಿ ರಿಟರ್ನ್ ಹಾಕುತ್ತಿದ್ದಾರೆ. ಅಂದರೆ ವಹಿವಾಟಿನ ಮೇಲೆ 8 ಪರ್ಸೆಂಟ್, ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಪರ್ಸೆಂಟ್ ಲಾಭ ಅಂತ ತೋರಿಸಿ ಮುಗಿಸುವ ದಾರಿ. ಅದರಲ್ಲಿ ಸೆಕ್ಷನ್ 30ರಿಂದ 38ರವರೆಗಿನ ಖರ್ಚೆಲ್ಲ ಆಗಲೇ ಕಳೆದಿದೆ ಅಂತ ಲೆಕ್ಕ. 35 ಅದರೊಳಗೇ ಬಿತ್ತು. ಪ್ರಯೋಗದ ಖರ್ಚು ಬೇರೆಯಾಗಿ ಕಳೆಯಬೇಕಾದರೆ 44ಎಡಿ ಬಿಡಬೇಕು, ಲೆಕ್ಕಪುಸ್ತಕ ಇಡಬೇಕು. ಒಮ್ಮೆ ಹೀಗೆ ನಡುವೆ ಬಿಟ್ಟರೆ ಮುಂದಿನ ಐದು ವರ್ಷ ಅದಕ್ಕೆ ವಾಪಸ್ ಬರಲಾಗುವುದಿಲ್ಲ. ಅವರು ಯೋಚಿಸಿದ ಡ್ರೈಯರಿನ ಬೆಲೆ 2 ಲಕ್ಷದ ಆಸುಪಾಸು. ಅಷ್ಟಕ್ಕಾಗಿ ಐದು ವರ್ಷದ ಲೆಕ್ಕಪುಸ್ತಕ, ಆಡಿಟ್ ಮೈಮೇಲೆ ಎಳೆದುಕೊಳ್ಳಬೇಡಿ ಅಂದೆ. ಪ್ರಯೋಗ ಮಾತ್ರ ಬಿಡಬೇಡಿ, ಮಾಡಿದ್ದನ್ನು ಬುಕ್ಕಿನಲ್ಲಿ ಬರೆದಿಡಿ ಅಂತಲೂ ಹೇಳಿದೆ. ವಹಿವಾಟು 2 ಕೋಟಿಯ ಮಿತಿಗೆ ಹತ್ತಿರ ಬರುತ್ತಿದೆ, ನಗದು ವ್ಯವಹಾರ ಜಾಸ್ತಿ ಇರುವುದರಿಂದ 3 ಕೋಟಿಯ ಮಿತಿ ಅವರಿಗೆ ಸಿಗಲ್ಲ. ಹೇಗೂ 44ಎಡಿಯಿಂದ ಹೊರಗೆ ಬರಬೇಕಾದ ವರ್ಷ ದೂರ ಇಲ್ಲ. ದೊಡ್ಡ ಡ್ರೈಯರ್ ಆ ವರ್ಷವೇ ಕೊಳ್ಳುವುದು ಅಂತ ಅವರೇ ತೀರ್ಮಾನ ಮಾಡಿಕೊಂಡರು.